ಇಂಗಾಲದ ಡೈಆಕ್ಸೈಡಿಗೆ ಉಬ್ಬುವ ಜೆಲ್ ನಿಜವಾಗಿ ಗುರುತಿಸುವುದು ಏನನ್ನು?

ಪ್ರಶ್ನೆ: ಇಂಗಾಲದ ಡೈಆಕ್ಸೈಡ್ ತಾಗಿದರೆ ಉಬ್ಬಿ, ಆ ಅನಿಲ ಹೋದ ಮೇಲೆ ಮತ್ತೆ ಕುಗ್ಗುವ ಮೃದು ಜೆಲ್‌ಗಳನ್ನು ವಿಜ್ಞಾನಿಗಳು ತಯಾರಿಸಿದ್ದಾರೆಂದು ಓದಿದೆ. ಗಾಳಿಯ ತುಂಬ ಸಾರಜನಕ, ಆಮ್ಲಜನಕಗಳೇ ಇರುವಾಗ ಈ ಒಂದು ಅನಿಲವನ್ನು ಅದು ಹೇಗೆ ಗುರುತಿಸುತ್ತದೆ? ಇದನ್ನು ಬಳಸಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ತೆಗೆಯಬಹುದೇ? ಹೊಲದಲ್ಲಿ ತೇವ ಹಿಡಿದಿಡಲು ಹಾಕುವ ಹೈಡ್ರೋಜೆಲ್‌ಗೂ ಇದಕ್ಕೂ ಏನಾದರೂ ಸಂಬಂಧವಿದೆಯೇ? ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಲು ಸಾಧ್ಯವೇ?
– ರಸಾಯನಶಾಸ್ತ್ರ ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಮೊದಲ ಪ್ರಶ್ನೆಗೆ ನೇರವಾದ ಉತ್ತರ ತುಸು ನಿರಾಸೆ ತರಬಹುದು. ಇಂಥ ಬಹುಪಾಲು ಜೆಲ್‌ಗಳು ಇಂಗಾಲದ ಡೈಆಕ್ಸೈಡನ್ನು ಗುರುತಿಸುವುದೇ ಇಲ್ಲ. ಅವು ಗುರುತಿಸುವುದು ಆಮ್ಲವನ್ನು. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಆಮ್ಲವಾಗುತ್ತದೆ, ಸಾರಜನಕ ಮತ್ತು ಆಮ್ಲಜನಕಗಳು ಆಗುವುದಿಲ್ಲ. ಜೆಲ್‌ನ ಜಾಣತನವೆಂದು ಕಾಣುವುದರ ಹಿಂದೆ ಇರುವುದು ಇಷ್ಟೇ. ಹಾಗಿದ್ದರೆ ಒಂದೆರಡು ಹನಿ ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಉಬ್ಬುವ ವಸ್ತುವಿನ ಬಗ್ಗೆ ಇಷ್ಟೊಂದು ಸಂಶೋಧನೆ ಏಕೆ ಎಂದು ನೀವು ಕೇಳಬಹುದು. ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಉಬ್ಬಿಸಿದ ಜೆಲ್ ಕುಗ್ಗಬೇಕಾದರೆ ಕಾಸ್ಟಿಕ್ ಸೋಡಾ ಹಾಕಬೇಕು. ಪ್ರತಿ ಸುತ್ತಿಗೂ ಒಂದಿಷ್ಟು ಉಪ್ಪು ದ್ರಾವಣದಲ್ಲಿ ಉಳಿಯುತ್ತದೆ, ಕೆಲವು ಸುತ್ತು ಕಳೆಯುವಷ್ಟರಲ್ಲಿ ಆ ಉಪ್ಪೇ ಜೆಲ್‌ನ ಉಬ್ಬುವ ಶಕ್ತಿಯನ್ನು ಕುಂದಿಸುತ್ತದೆ. ಇಂಗಾಲದ ಡೈಆಕ್ಸೈಡ್ ಆದರೋ ತಾನಾಗಿ ಎದ್ದುಹೋಗುವ ಆಮ್ಲ. ಸಾರಜನಕವನ್ನೋ ಗಾಳಿಯನ್ನೋ ನೀರಿನೊಳಗೆ ಹಾಯಿಸಿದರೆ, ಇಲ್ಲವೇ ಸ್ವಲ್ಪ ಬೆಚ್ಚಗೆ ಮಾಡಿದರೆ, ಏನನ್ನೂ ಹಿಂದೆ ಬಿಡದೆ ಅದು ಹೊರಟುಹೋಗುತ್ತದೆ. ಈ ಜೆಲ್‌ಗಳ ಬೆಲೆಯೆಲ್ಲ ಈ ಒಂದು ಗುಣದಲ್ಲಿದೆ, ಇವುಗಳ ಮಿತಿಗಳಲ್ಲಿ ಹೆಚ್ಚಿನವು ಹುಟ್ಟುವುದೂ ಇದೇ ಗುಣದಿಂದ.

ಮೊದಲು ನೀರಿನಲ್ಲಿ ಏನಾಗುತ್ತದೆಂದು ನೋಡೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ವಾಯುಭಾರದ ಒತ್ತಡದಲ್ಲಿರುವ ಶುದ್ಧ ಇಂಗಾಲದ ಡೈಆಕ್ಸೈಡಿಗೆ ಒಡ್ಡಿದ ಒಂದು ಲೀಟರ್ ನೀರು ಸುಮಾರು 1.45 ಗ್ರಾಂ ಅನಿಲವನ್ನು ಕರಗಿಸಿಕೊಳ್ಳುತ್ತದೆ. ಅದೇ ಸ್ಥಿತಿಯಲ್ಲಿ ಶುದ್ಧ ಆಮ್ಲಜನಕ ಕರಗುವುದು ಸುಮಾರು 40 ಮಿಲಿಗ್ರಾಂ, ಸಾರಜನಕ ಅದರ ಅರ್ಧಕ್ಕಿಂತಲೂ ಕಡಿಮೆ. ಕರಗಿದ ಇಂಗಾಲದ ಡೈಆಕ್ಸೈಡಿನಲ್ಲಿ ಹೆಚ್ಚಿನ ಅಣುಗಳು ಹಾಗೆಯೇ ಉಳಿದು, ಸುಮಾರು ಆರುನೂರರಲ್ಲಿ ಒಂದು ಮಾತ್ರ ನೀರಿನೊಡನೆ ಕೂಡಿ ಕಾರ್ಬೊನಿಕ್ ಆಮ್ಲದ ರೂಪದಲ್ಲಿರುತ್ತದೆ. ಆದರೂ ಶುದ್ಧ ನೀರಿನ ಪಿಎಚ್ 3.9ರ ಹತ್ತಿರಕ್ಕೆ ಇಳಿಯಲು ಅಷ್ಟು ಸಾಕು. ಅದೇ ನೀರನ್ನು ಹೊರಗಿನ ಗಾಳಿಗೆ ಬಿಟ್ಟರೆ, ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 420 ಭಾಗಗಳಿಗಿಂತ ಸ್ವಲ್ಪವೇ ಹೆಚ್ಚಿರುವುದರಿಂದ, ಪಿಎಚ್ 5.6ರ ಸುಮಾರಿಗೆ ನಿಲ್ಲುತ್ತದೆ. ಬಾಟಲಿ ತೆರೆದ ಕೂಡಲೇ ಕುಡಿದ ಸೋಡಾದ ಚುರುಕು ಹುಳಿ ಗಂಟೆ ಕಳೆದ ಮೇಲೆ ಸಪ್ಪೆಯಾಗುವುದು ಇದೇ ಕಾರಣಕ್ಕೆ.

ಇನ್ನು ಜೆಲ್. ಅದು ಉದ್ದನೆಯ ಪಾಲಿಮರ್ ಎಳೆಗಳನ್ನು ಅಲ್ಲಲ್ಲಿ ಅಡ್ಡಕೊಂಡಿಗಳಿಂದ ಬಿಗಿದ ಜಾಲ. ಜಾಲದ ಕಣ್ಣುಗಳಲ್ಲಿ ನೀರು ತುಂಬಿರುತ್ತದೆ. ಈ ಕ್ಷೇತ್ರದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಳೆ ಡೈಮಿಥೈಲ್‌ಅಮೈನೋಈಥೈಲ್ ಮೆಥಾಕ್ರಿಲೇಟ್ ಎಂಬ ಮಾನೋಮರ್‌ನಿಂದ (ಎಳೆಯ ಒಂಟಿ ಘಟಕದಿಂದ) ಕಟ್ಟಿದ್ದು, ಅಥವಾ ಅದರ ಡೈಈಥೈಲ್ ರೂಪದಿಂದ ಕಟ್ಟಿದ್ದು. ಹೆಸರು ಉದ್ದವಾದರೂ ವಸ್ತು ಅಪರೂಪದ್ದಲ್ಲ. ಕಹಿ ಮಾತ್ರೆಗಳಿಗೆ ಹಚ್ಚುವ, ಬಾಯಲ್ಲಿ ಕರಗದೆ ಜಠರದ ಆಮ್ಲ ತಾಗಿದ ಮೇಲೆಯೇ ಕರಗುವ ಯೂಡ್ರಾಜಿಟ್ ಇ ಎಂಬ ಲೇಪನದಲ್ಲಿರುವುದೂ ಇದೇ ಮಾನೋಮರ್. ಇದರ ಪ್ರತಿ ಘಟಕದಿಂದಲೂ ಒಂದು ತೃತೀಯಕ ಅಮೀನ್ ಗುಂಪು (ಮೂರು ಇಂಗಾಲಗಳಿಗೆ ಅಂಟಿದ, ಕ್ಷಾರಗುಣದ ಸಾರಜನಕ ಪರಮಾಣು) ಹೊರಚಾಚಿರುತ್ತದೆ. ಸುತ್ತಲಿನ ನೀರು ಆಮ್ಲೀಯವಾದಾಗ ಆ ಅಮೀನ್ ಒಂದು ಪ್ರೋಟಾನನ್ನು ಹಿಡಿದು ಧನಾವೇಶ ಪಡೆಯುತ್ತದೆ, ಕಾರ್ಬೊನಿಕ್ ಆಮ್ಲದ ಉಳಿದ ಭಾಗ ಬೈಕಾರ್ಬೊನೇಟ್ ಅಯಾನಾಗಿ ಅದರ ಪಕ್ಕದಲ್ಲೇ ನಿಲ್ಲುತ್ತದೆ.

ಉಬ್ಬುವಿಕೆಗೆ ಕಾರಣ ಧನಾವೇಶಗಳು ಒಂದನ್ನೊಂದು ತಳ್ಳುವುದೇ ಎಂದು ಪಠ್ಯಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಅದು ಪೂರ್ತಿ ತಪ್ಪಲ್ಲ, ಆದರೆ ಮುಖ್ಯ ಕೆಲಸ ಮಾಡುವುದು ಬೈಕಾರ್ಬೊನೇಟ್. ಧನಾವೇಶ ಜಾಲಕ್ಕೆ ಅಂಟಿದ್ದು, ಎಲ್ಲಿಗೂ ಹೋಗಲಾರದು. ಬೈಕಾರ್ಬೊನೇಟ್ ನೀರಿನಲ್ಲಿ ಸ್ವತಂತ್ರವಾಗಿ ಓಡಾಡಬಲ್ಲದಾದರೂ ವಿದ್ಯುತ್ ಸಮತೋಲ ಕೆಡಬಾರದೆಂಬ ಕಾರಣಕ್ಕೆ ಜಾಲವನ್ನು ಬಿಟ್ಟು ಹೊರಗೆ ಹೋಗಲಾರದು. ಹೀಗೆ ಜೆಲ್‌ನ ಒಳಗೆ ಕರಗಿದ ಅಯಾನುಗಳ ಸಂಖ್ಯೆ ಹೊರಗಿಗಿಂತ ಹೆಚ್ಚಾಗಿ, ಅಭಿಸರಣ ಒತ್ತಡ ಏರಿ, ನೀರು ಒಳಗೆ ನುಗ್ಗುತ್ತದೆ. ಅಡ್ಡಕೊಂಡಿಗಳ ನಡುವಿನ ಎಳೆಗಳು ಹಿಗ್ಗಿ ಹಿಗ್ಗಿ, ಅವುಗಳ ಎಳೆತ ಆ ಒತ್ತಡಕ್ಕೆ ಸಮನಾದಾಗ ಉಬ್ಬುವುದು ನಿಲ್ಲುತ್ತದೆ. ಅಡ್ಡಕೊಂಡಿ ಕಡಿಮೆ ಇದ್ದರೆ ಜೆಲ್ ಹೆಚ್ಚು ಉಬ್ಬುತ್ತದೆ, ಆದರೆ ಮುಟ್ಟಿದರೆ ಒಡೆಯುವಷ್ಟು ದುರ್ಬಲವೂ ಆಗುತ್ತದೆ. ಹೊರಗಿನ ನೀರಿನಲ್ಲಿಯೇ ಉಪ್ಪು ಹೆಚ್ಚಿದ್ದರೆ ಒಳಹೊರಗಿನ ವ್ಯತ್ಯಾಸ ಅಳಿಸಿಹೋಗಿ ಉಬ್ಬುವಿಕೆ ತಗ್ಗುತ್ತದೆ. ಡೀಅಯನೈಸ್ಡ್ ನೀರಿನಲ್ಲಿ ಸೊಗಸಾಗಿ ಕೆಲಸ ಮಾಡಿದ ಜೆಲ್ ಸಮುದ್ರದ ನೀರಿನಲ್ಲಿ ಮಂಕಾಗುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇಲ್ಲಿ ಎಲ್ಲ ಅಮೀನೂ ನಡೆಯುವುದಿಲ್ಲ ಎಂಬುದು ಈ ವಿಷಯದ ನಿಜವಾದ ಸ್ವಾರಸ್ಯ. ಕಾರ್ಬೊನಿಕ್ ಆಮ್ಲ ದುರ್ಬಲ ಆಮ್ಲ. ಅದರ ಮೊದಲ ಪಿಕೆಎ (ಆಮ್ಲದ ಬಲ ಸೂಚಿಸುವ ಅಂಕಿ, ಕಡಿಮೆಯಾದಷ್ಟೂ ಆಮ್ಲ ಪ್ರಬಲ) 6.35. ಜೆಲ್‌ನ ಅಮೀನ್ ತೀರ ದುರ್ಬಲ ಕ್ಷಾರವಾದರೆ ಈ ಆಮ್ಲಕ್ಕೆ ಅದು ಸ್ಪಂದಿಸುವುದೇ ಇಲ್ಲ. ತೀರ ಪ್ರಬಲವಾದರೆ ಗಾಳಿಯಲ್ಲಿರುವ ಅಲ್ಪ ಅನಿಲಕ್ಕೇ ಆವೇಶ ಪಡೆದು, ಹಿಂದಕ್ಕೆ ಬರಲು ಒಪ್ಪುವುದಿಲ್ಲ. ಅಮಿಡೀನ್ ಎಂಬ ಗುಂಪಿನ ಕತೆ ಹೀಗೆ: ಅದರ ಸಂಯುಗ್ಮ ಆಮ್ಲದ (ಪ್ರೋಟಾನ್ ಹಿಡಿದ ರೂಪದ) ಪಿಕೆಎ 12ರ ಸುಮಾರು, ಆದ್ದರಿಂದ ಅನಿಲಕ್ಕೆ ಚುರುಕಾಗಿ ಸ್ಪಂದಿಸುತ್ತದೆ, ಆದರೆ ಅನಿಲವನ್ನು ಬಿಡಿಸಲು ಬಿಸಿ ಮಾಡುತ್ತಾ ಬಹಳ ಹೊತ್ತು ಸಾರಜನಕ ಹಾಯಿಸಬೇಕಾಗುತ್ತದೆ. ಡೈಮಿಥೈಲ್‌ಅಮೈನೋಈಥೈಲ್ ಗುಂಪಿನ ಮಾನೋಮರ್‌ಗೆ ಈ ಅಂಕಿ 8ರ ಆಚೆ ಇದ್ದರೂ ಪಾಲಿಮರ್ ಆದಾಗ ಅದು 7ರಿಂದ 7.5ರ ಆಸುಪಾಸಿಗೆ ಇಳಿಯುತ್ತದೆ, ಏಕೆಂದರೆ ಒಂದು ಅಮೀನ್ ಆವೇಶ ಪಡೆದ ಮೇಲೆ ಪಕ್ಕದಲ್ಲಿರುವ ಇನ್ನೊಂದು ಪ್ರೋಟಾನ್ ಹಿಡಿಯಲು ಹಿಂಜರಿಯುತ್ತದೆ. ಈ ಇಳಿತವೇ ಅದನ್ನು ಬೇಕಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ.

ನೀವು ರಸಾಯನಶಾಸ್ತ್ರ ಕಲಿಸುವವರಾದ್ದರಿಂದ ಒಂದು ಲೆಕ್ಕ ಕೊಡುತ್ತೇನೆ, ವಿದ್ಯಾರ್ಥಿಗಳಿಂದ ಮಾಡಿಸಬಹುದು. ಒಂದು ಲೀಟರ್ ನೀರಿಗೆ ಒಂದು ಮೋಲ್ ಅಮೀನ್ ಇರುವ ಜೆಲ್ ಇದೆ, ಬೇರೆ ಉಪ್ಪಿಲ್ಲ, ಅಮೀನಿನ ಪಿಕೆಎ 7.3 ಎಂದುಕೊಳ್ಳಿ. ಆವೇಶ ಪಡೆದ ಪ್ರತಿ ಅಮೀನಿಗೂ ಒಂದು ಬೈಕಾರ್ಬೊನೇಟ್ ಇರಲೇಬೇಕೆಂಬ ಷರತ್ತನ್ನೂ ಕಾರ್ಬೊನಿಕ್ ಆಮ್ಲದ ಸಮತೋಲವನ್ನೂ ಒಟ್ಟಿಗೆ ಬಿಡಿಸಿದರೆ, ಒಂದು ವಾಯುಭಾರದ ಶುದ್ಧ ಅನಿಲದಲ್ಲಿ ಸುಮಾರು ಶೇ. 40ರಷ್ಟು ಅಮೀನ್‌ಗಳು ಆವೇಶ ಪಡೆಯುತ್ತವೆ. ನಮ್ಮ ಉಸಿರಿನಂತೆ ಶೇ. 4–5ರಷ್ಟು ಅನಿಲವಿದ್ದರೆ ಶೇ. 11ರಷ್ಟು. ಹೊರಗಿನ ಗಾಳಿಯಲ್ಲಿ ಶೇ. 1ರಷ್ಟು ಮಾತ್ರ. ಆವೇಶ ಹೆಚ್ಚಿದಂತೆ ಪಿಕೆಎ ಸ್ವಲ್ಪ ಬದಲಾಗುವುದರಿಂದ ಇದು ಅಂದಾಜು. ಆದರೂ ಇದೊಂದು ಒಳ್ಳೆಯ ಸ್ವಿಚ್ ಎಂಬುದನ್ನೂ, ಬಯಲಿನ ಗಾಳಿಯಲ್ಲಿ ಅದು ಬಹುತೇಕ ಆರಿದ ಸ್ಥಿತಿಯಲ್ಲೇ ಇರುತ್ತದೆಂಬುದನ್ನೂ ಈ ಮೂರು ಅಂಕಿಗಳು ಸ್ಪಷ್ಟವಾಗಿ ಹೇಳುತ್ತವೆ.

ಈ ಚಿಂತನೆಗೆ ದಾರಿ ತೆರೆದವರಲ್ಲಿ ಕೆನಡಾದ ಕಿಂಗ್‌ಸ್ಟನ್ ನಗರದ ಕ್ವೀನ್ಸ್ ವಿಶ್ವವಿದ್ಯಾಲಯದ ಫಿಲಿಪ್ ಜೆಸಪ್ ಪ್ರಮುಖರು. ಅಮೆರಿಕದ ಜಾರ್ಜಿಯಾ ಟೆಕ್‌ನ ಚಾರ್ಲ್ಸ್ ಎಕರ್ಟ್ ಮತ್ತು ಚಾರ್ಲ್ಸ್ ಲಿಯೋಟಾ ಅವರೊಡನೆ 2005ರಲ್ಲಿ ಅವರು ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಧ್ರುವೀಯವಾಗುವ, ಸಾರಜನಕ ಹಾಯಿಸಿದರೆ ಮತ್ತೆ ಮೊದಲಿನಂತಾಗುವ ದ್ರಾವಕವನ್ನು ತೋರಿಸಿದರು. ಮರುವರ್ಷ ಅದೇ ತತ್ತ್ವದ ಸರ್ಫ್ಯಾಕ್ಟಂಟ್ (ಸೋಪಿನಂತೆ ಎಣ್ಣೆ-ನೀರನ್ನು ಬೆರೆಸುವ ವಸ್ತು) ಬಂತು. ಪಾಲಿಮರ್‌ಗಳಿಗೆ ಈ ವಿಚಾರ ಹರಿದದ್ದು ಅನಂತರ. ಉಷ್ಣತೆಗೆ ಕುಗ್ಗುವ ಪಾಲಿಮರ್‌ಗೆ ಕೆಲವು ಅಮೀನ್ ಘಟಕಗಳನ್ನು ಸೇರಿಸಿದರೆ, ಉಷ್ಣತೆಯನ್ನು ಬದಲಿಸದೆ ಅನಿಲದಿಂದಲೇ ಅದನ್ನು ಉಬ್ಬಿಸಿ ಕುಗ್ಗಿಸಬಹುದೆಂದು ಕ್ವಿಬೆಕ್‌ನ ಶೆರ್‌ಬ್ರೂಕ್ ವಿಶ್ವವಿದ್ಯಾಲಯದ ಯುವೆ ಜಾವೊ ಅವರ ತಂಡ 2012ರಲ್ಲಿ ತೋರಿಸಿತು.

ಸುದ್ದಿಯ ಬರಹಗಳು ಹೇಳದೆ ಬಿಡುವ ಸಂಗತಿಯೆಂದರೆ ವೇಗ. ಅನಿಲ ಜೆಲ್‌ನೊಳಗೆ ಹೋಗುವುದು ತಡವಲ್ಲ: ನೀರಿನಲ್ಲಿ ಇಂಗಾಲದ ಡೈಆಕ್ಸೈಡಿನ ವಿಸರಣ ಗುಣಾಂಕ ಸೆಕೆಂಡಿಗೆ ಸುಮಾರು 1.9×10⁻⁹ ಚದರ ಮೀಟರ್, ಎಂದರೆ ಒಂದು ಮಿಲಿಮೀಟರ್ ಆಳಕ್ಕೆ ಇಳಿಯಲು ಕೆಲವು ನಿಮಿಷ. ಅದು ನೀರಿನೊಡನೆ ಕೂಡಿ ಆಮ್ಲವಾಗುವ ಹೆಜ್ಜೆಯೂ ಸ್ವಲ್ಪ ನಿಧಾನವೇ, ಅರ್ಧದಷ್ಟು ಆಗಲು ಸುಮಾರು 20 ಸೆಕೆಂಡು ಬೇಕು; ನಮ್ಮ ಕೆಂಪು ರಕ್ತಕಣಗಳಲ್ಲಿ ಕಾರ್ಬೊನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಇರುವುದು ಆ ನಿಧಾನವನ್ನು ನೀಗಿಸಲೆಂದೇ. ಆದರೆ ನಿಜವಾದ ಅಡ್ಡಿ ಜಾಲದ್ದು. ಜೆಲ್ ಉಬ್ಬಬೇಕಾದರೆ ಪಾಲಿಮರ್ ಜಾಲವೇ ನೀರನ್ನು ಸೀಳಿಕೊಂಡು ಸರಿಯಬೇಕು, ಮತ್ತು ಆ ಚಲನೆಯ ಗುಣಾಂಕ ಅನಿಲದ್ದಕ್ಕಿಂತ ನೂರರಷ್ಟು ಕಡಿಮೆ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ತೊಯೊಇಚಿ ತನಕಾ ಮತ್ತು ಡೇವಿಡ್ ಫಿಲ್‌ಮೋರ್ 1979ರಲ್ಲಿ ತೋರಿಸಿದಂತೆ ಜೆಲ್ ಉಬ್ಬುವ ಅವಧಿ ಅದರ ಗಾತ್ರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ಗುಂಡಿಗೆ ಕೆಲವು ಗಂಟೆ ಹಿಡಿದರೆ, ಹತ್ತು ಮೈಕ್ರೋಮೀಟರ್ ತ್ರಿಜ್ಯದ್ದಕ್ಕೆ ಒಂದು ಸೆಕೆಂಡಿನಷ್ಟು ಸಾಕು. ಆದ್ದರಿಂದ ಉಪಯುಕ್ತವಾದ ಸಾಧನಗಳಲ್ಲಿ ಈ ಜೆಲ್ ದೊಡ್ಡ ಮುದ್ದೆಯಾಗಿ ಇರುವುದಿಲ್ಲ. ಸಣ್ಣ ಕಣಗಳಾಗಿಯೋ ತೆಳು ಪೊರೆಯಾಗಿಯೋ ನವಿರಾದ ನಾರಾಗಿಯೋ ಇರುತ್ತದೆ.

ಅಂಥ ಸಾಧನಗಳಲ್ಲಿ ನನಗೆ ಬಹಳ ಇಷ್ಟವಾದದ್ದು ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವೈದ್ಯಕೀಯ ಸಂವೇದಕ. ಜಠರದ ಅಥವಾ ಕರುಳಿನ ಗೋಡೆಗೆ ರಕ್ತ ಸರಿಯಾಗಿ ಹರಿಯದಿದ್ದಾಗ ಅಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ ಏರುತ್ತದೆ. ಅದನ್ನು ಒಳಗಿನಿಂದಲೇ ಅಳೆಯಬೇಕು. ಆದರೆ ಜಠರ ತಾನೇ ಹೈಡ್ರೋಕ್ಲೋರಿಕ್ ಆಮ್ಲದ ಚೀಲ, ನಮ್ಮ ಜೆಲ್‌ಗೋ ಒಂದು ಆಮ್ಲಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದು. ಸಂಶೋಧಕರು ಇದಕ್ಕೆ ಕಂಡುಕೊಂಡ ಪರಿಹಾರ ಸರಳ. ಜೆಲ್‌ನ ಸಣ್ಣ ಕಣಗಳನ್ನು ಬೈಕಾರ್ಬೊನೇಟ್ ದ್ರಾವಣದೊಡನೆ ಪುಟ್ಟ ಕೋಣೆಯಲ್ಲಿ ತುಂಬಿ, ಒಂದು ಬದಿಗೆ ಒತ್ತಡ ಅಳೆಯುವ ಸಂವೇದಕವನ್ನಿಟ್ಟು, ಇನ್ನೊಂದು ಬದಿಗೆ ಅನಿಲವನ್ನು ಮಾತ್ರ ಒಳಬಿಡುವ ಪೊರೆಯನ್ನು ಹೊದಿಸಿದರು. ಜಠರದ ಆಮ್ಲ ಅಯಾನುಗಳ ರೂಪದಲ್ಲಿರುವುದರಿಂದ ಆ ಪೊರೆಯನ್ನು ದಾಟಲಾರದು, ಅನಿಲ ದಾಟುತ್ತದೆ. ಕಣಗಳು ಉಬ್ಬಲು ಜಾಗವಿಲ್ಲದೆ ಗೋಡೆಯನ್ನು ಒತ್ತುತ್ತವೆ, ಆ ಒತ್ತಡವೇ ಅಳತೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯಲು 1950ರ ದಶಕದಲ್ಲಿ ಬಂದ ಸೆವರಿಂಗ್‌ಹೌಸ್ ಎಲೆಕ್ಟ್ರೋಡಿನಲ್ಲಿಯೂ ಇದೇ ಉಪಾಯವಿತ್ತು, ಜೆಲ್‌ನ ಬದಲು ಪಿಎಚ್ ಅಳೆಯುವ ಗಾಜು ಇತ್ತು. ಎರಡರಲ್ಲಿಯೂ ಅನಿಲವನ್ನು ಆಯ್ದುಕೊಳ್ಳುವ ಕೆಲಸ ಪೊರೆಯದು.

ಇಷ್ಟು ಹೇಳಿದ ಮೇಲೆ ಒಂದು ಅಪವಾದವನ್ನೂ ಹೇಳಬೇಕು. ತೃತೀಯಕ ಅಮೀನ್‌ಗಳ ಬದಲು ಪ್ರಾಥಮಿಕ ಅಥವಾ ದ್ವಿತೀಯಕ ಅಮೀನ್‌ಗಳಿದ್ದರೆ (ಸಾರಜನಕ ಒಂದು ಅಥವಾ ಎರಡು ಇಂಗಾಲಗಳಿಗೆ ಮಾತ್ರ ಅಂಟಿದ್ದರೆ), ಇಂಗಾಲದ ಡೈಆಕ್ಸೈಡ್ ನೀರಿನ ನೆರವಿಲ್ಲದೆ ನೇರವಾಗಿ ಸಾರಜನಕ ಪರಮಾಣುವಿಗೆ ಬೆಸೆದುಕೊಂಡು ಕಾರ್ಬಮೇಟ್ ಆಗುತ್ತದೆ. ಒಂದು ಅಮೀನ್ ಅನಿಲವನ್ನು ಹಿಡಿದರೆ ಇನ್ನೊಂದು ಪ್ರೋಟಾನನ್ನು ಹಿಡಿಯುತ್ತದೆ. ಇಲ್ಲಿ ಅನಿಲ ನಿಜಕ್ಕೂ ರಚನೆಯ ಭಾಗ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ರಿಚರ್ಡ್ ವೈಸ್ ಮತ್ತು ಮ್ಯಾಥ್ಯೂ ಜಾರ್ಜ್ 2001ರಲ್ಲಿ ಇದನ್ನೇ ಬಳಸಿ, ಉದ್ದ ಸರಪಳಿಯ ಅಮೀನ್ ಕರಗಿಸಿದ ಸಾವಯವ ದ್ರವಕ್ಕೆ ಅನಿಲ ಹಾಯಿಸಿ ಅದನ್ನು ಜೆಲ್ ಆಗಿಸಿದರು; ಬೆಚ್ಚಗೆ ಮಾಡಿ ಸಾರಜನಕ ಹಾಯಿಸಿದಾಗ ಅದು ಮತ್ತೆ ದ್ರವವಾಯಿತು.

ಈ ರಸಾಯನ ಅಲ್ಲಿಂದ ಹೋಗಿ ಸೇರಿದ್ದು ಇಟಲಿಯ ಫ್ಲಾರೆನ್ಸ್‌ನ ಚಿತ್ರಕಲೆಯ ಸಂರಕ್ಷಣಾಲಯಗಳನ್ನು. ಹಳೆಯ ವರ್ಣಚಿತ್ರಗಳ ಮೇಲಿನ ವಾರ್ನಿಷ್ ಕಾಲ ಕಳೆದಂತೆ ಹಳದಿಗಟ್ಟುತ್ತದೆ. ಅದನ್ನು ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ದ್ರಾವಕ ಬಣ್ಣದ ಪದರಕ್ಕೂ ಇಳಿದು ಹಾನಿ ಮಾಡುತ್ತದೆ. ದ್ರಾವಕವನ್ನು ಜೆಲ್‌ನಲ್ಲಿ ಹಿಡಿದಿಟ್ಟು ಹಚ್ಚಿದರೆ ಇಳಿಯುವುದು ಕಡಿಮೆಯಾಗುತ್ತದೆ, ಆದರೆ ಕೆಲಸ ಮುಗಿದ ಮೇಲೆ ಅಂಟುಜೆಲ್ಲನ್ನು ಕೆರೆದು ತೆಗೆಯುವುದೇ ಹೊಸ ತೊಂದರೆ. ಫ್ಲಾರೆನ್ಸ್ ವಿಶ್ವವಿದ್ಯಾಲಯದ ಎಮಿಲಿಯಾನೊ ಕರೆಟ್ಟಿ, ಲುಯಿಜಿ ದೇಯಿ ಮತ್ತು ಪಿಯೆರೊ ಬಾಲಿಯೋನಿ ಅವರು ವೈಸ್ ಅವರೊಡನೆ ಸೇರಿ 2003ರ ಸುಮಾರಿಗೆ ಪಾಲಿಅಲೈಲ್‌ಅಮೀನ್ ಎಂಬ ಪಾಲಿಮರ್ ಕರಗಿಸಿದ ದ್ರಾವಕಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಜೆಲ್ ಮಾಡಿದರು. ಒಂದು ಎಳೆಯ ಕಾರ್ಬಮೇಟ್ ಇನ್ನೊಂದು ಎಳೆಯ ಅಮೋನಿಯಂಗೆ ಅಂಟಿಕೊಳ್ಳುವುದರಿಂದ ಅನಿಲವೇ ಇಲ್ಲಿ ಅಡ್ಡಕೊಂಡಿಯಾಗುತ್ತದೆ. ಚಿತ್ರದ ಮೇಲೆ ಅದನ್ನು ಹಚ್ಚಿ, ವಾರ್ನಿಷ್ ಮೆತ್ತಗಾದ ಮೇಲೆ ತೀರ ತೆಳುವಾದ ಅಸಿಟಿಕ್ ಆಮ್ಲದ ಕೆಲವು ಹನಿ ಬಿಟ್ಟರೆ ಅನಿಲ ಗುಳ್ಳೆಗಳಾಗಿ ಹೊರಟು ಜೆಲ್ ಕಣ್ಣೆದುರೇ ದ್ರವವಾಗುತ್ತದೆ. ಹತ್ತಿಯಲ್ಲಿ ಹೀರಿ ತೆಗೆದರಾಯಿತು. ಮೇಲೆ ವಿವರಿಸಿದ ಜೆಲ್ ಆಮ್ಲಕ್ಕೆ ಉಬ್ಬುತ್ತದೆ, ಇದು ಆಮ್ಲಕ್ಕೆ ಕರಗುತ್ತದೆ ಎಂಬುದನ್ನು ಗಮನಿಸಿ. ಒಂದೇ ಹೆಸರಿನಡಿ ಬರುವ ಎರಡು ಭಿನ್ನ ವಸ್ತುಗಳಿವು. ಈ ಕ್ಷೇತ್ರದಲ್ಲಿ ಅತ್ಯಂತ ಪ್ರಾಮಾಣಿಕವಾದ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಬೇಕಾದದ್ದು ಒಮ್ಮೆ ಗಟ್ಟಿಯಾಗಿ ಒಮ್ಮೆ ಕರಗುವುದು ಮಾತ್ರ, ಸಾವಿರ ಸುತ್ತುಗಳ ಬಾಳಿಕೆಯಲ್ಲ.

ಪಾಲಿಮರ್ ಇಲ್ಲದೆಯೂ ಇಂಥ ಜೆಲ್ ಆಗುತ್ತದೆ. ಶ್ಯಾಂಪೂ, ಟೂತ್‌ಪೇಸ್ಟ್‌ಗಳಲ್ಲಿರುವ ಸೋಡಿಯಂ ಡೋಡೆಸೈಲ್ ಸಲ್ಫೇಟಿನ ಎರಡು ಪಾಲಿಗೆ ಒಂದು ಪಾಲಿನಂತೆ ಎರಡು ಅಮೀನ್ ತುದಿಗಳಿರುವ ಸಣ್ಣ ಅಣುವೊಂದನ್ನು ಬೆರೆಸಿದ ದ್ರಾವಣ ನೀರಿನಂತೆ ತೆಳುವಾಗಿರುತ್ತದೆ. ಅನಿಲ ಹಾಯಿಸಿದಾಗ ಆ ಅಣುವಿನ ಎರಡೂ ತುದಿಗಳು ಆವೇಶ ಪಡೆದು ತಲಾ ಒಂದು ಸಲ್ಫೇಟನ್ನು ಹಿಡಿದುಕೊಳ್ಳುತ್ತವೆ. ಹೀಗಾದ ಜೋಡಿಗಳು ಹುಳುವಿನಂಥ ಉದ್ದನೆಯ ಮೈಸೆಲ್‌ಗಳಾಗಿ (ಅಣುಗಳ ಗುಂಪುಗಳಾಗಿ) ಹೆಣೆದುಕೊಂಡು ದ್ರಾವಣ ಗಟ್ಟಿಯಾಗುತ್ತದೆ. ಚೀನಾದ ಚೆಂಗ್ಡುವಿನಲ್ಲಿ ಯುಜುನ್ ಫೆಂಗ್ ಅವರ ತಂಡ 2013ರಲ್ಲಿ ಇದನ್ನು ವರದಿ ಮಾಡಿತು. ಅವರ ಆಸಕ್ತಿ ತೈಲಬಾವಿಗಳ ಕಡೆಗಿತ್ತು. ಕಲ್ಲಿನ ರಂಧ್ರಗಳಿಂದ ಎಣ್ಣೆಯನ್ನು ತಳ್ಳಲು ಭೂಮಿಯೊಳಗೆ ಇಂಗಾಲದ ಡೈಆಕ್ಸೈಡ್ ಒತ್ತುವಾಗ ಅನಿಲ ಬಿರುಕುಗಳ ಸುಲಭ ದಾರಿ ಹಿಡಿದು ಎಣ್ಣೆಯನ್ನು ಹಿಂದೆಯೇ ಬಿಟ್ಟು ಹೋಗುತ್ತದೆ. ಮೊದಲೇ ತೆಳುವಾದ ದ್ರಾವಣವನ್ನು ಒಳಗೆ ಬಿಟ್ಟಿದ್ದರೆ, ಅನಿಲ ನುಗ್ಗಿದ ದಾರಿಯಲ್ಲಿಯೇ ಅದು ಗಟ್ಟಿಯಾಗಿ ದಾರಿಯನ್ನು ಮುಚ್ಚುತ್ತದೆ ಎಂಬುದು ಅಲ್ಲಿನ ಆಲೋಚನೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಗಾಳಿಯನ್ನು ಶುದ್ಧಿ ಮಾಡಲು ಈ ಜೆಲ್ ಹೊಂದುವುದಿಲ್ಲ. ಮೇಲಿನ ಲೆಕ್ಕವನ್ನೇ ಮುಂದುವರಿಸಿ: ಪಾಲಿಮರ್‌ನ ಒಂದು ಘಟಕದ ತೂಕ 157, ಆದ್ದರಿಂದ ಒಂದು ಕಿಲೋಗ್ರಾಂ ಒಣ ಪಾಲಿಮರ್‌ನಲ್ಲಿ ಸುಮಾರು 6.4 ಮೋಲ್ ಅಮೀನ್ ಇದೆ. ಹೊರಗಿನ ಗಾಳಿಯಲ್ಲಿ ಅದರ ಶೇ. 1 ಮಾತ್ರ ಆವೇಶ ಪಡೆಯುವುದರಿಂದ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ 3 ಗ್ರಾಂಗಿಂತ ಕಡಿಮೆ. ಒಬ್ಬ ಮನುಷ್ಯ ದಿನಕ್ಕೆ ಉಸಿರಿನಲ್ಲಿ ಬಿಡುವುದೇ ಸುಮಾರು ಒಂದು ಕಿಲೋಗ್ರಾಂ. ಅಷ್ಟನ್ನು ಹಿಡಿಯಲು 350 ಕಿಲೋಗ್ರಾಂ ಪಾಲಿಮರ್ ಮತ್ತು ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕಾಗುತ್ತದೆ. ಸುಲಭವಾಗಿ ಬಿಟ್ಟುಕೊಡಬೇಕೆಂದೇ ರೂಪಿಸಿದ ವಸ್ತು ತೆಳುವಾದ ಗಾಳಿಯಿಂದ ಬಿಗಿಯಾಗಿ ಹಿಡಿಯಲಾರದು. ಬಯಲಿನ ಗಾಳಿಯಿಂದ ಅನಿಲ ಹಿಡಿಯುವ ಕೆಲಸಕ್ಕೆ ಕಾರ್ಬಮೇಟ್ ಆಗುವ ಪ್ರಾಥಮಿಕ, ದ್ವಿತೀಯಕ ಅಮೀನ್‌ಗಳನ್ನೋ ಪ್ರಬಲ ಕ್ಷಾರಗಳನ್ನೋ ಬಳಸುತ್ತಾರೆ. ಅವುಗಳಿಂದ ಅನಿಲ ಬಿಡಿಸಲು ಹೆಚ್ಚು ಶಾಖ ತೆರಬೇಕು.

ಅನಿಲ ದಟ್ಟವಾಗಿರುವ ಕಡೆ ಚಿತ್ರ ಸ್ವಲ್ಪ ಬೇರೆ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಯು ಹೊಶಿನೊ ಅವರ ತಂಡ 2012ರಲ್ಲಿ ಅಮೀನ್ ಸೇರಿಸಿದ ಸೂಕ್ಷ್ಮ ಜೆಲ್ ಕಣಗಳನ್ನು ತೋರಿಸಿತು. 30 ಡಿಗ್ರಿಯಲ್ಲಿ ಉಬ್ಬಿದ್ದಾಗ ಅವು ಅನಿಲವನ್ನು ಹಿಡಿಯುತ್ತವೆ, 75 ಡಿಗ್ರಿಯಲ್ಲಿ ಕುಗ್ಗಿದಾಗ ಅಮೀನ್‌ಗಳು ನೀರಿನಿಂದ ಮರೆಯಾಗಿ ಕ್ಷಾರಗುಣ ಕಳೆದುಕೊಂಡು ಅನಿಲವನ್ನು ಬಿಟ್ಟುಕೊಡುತ್ತವೆ. ಕಾರ್ಖಾನೆಗಳಲ್ಲಿ ಬಳಸುವ ಮಾನೋಈಥನಾಲ್‌ಅಮೀನ್ ದ್ರಾವಣವನ್ನು 120 ಡಿಗ್ರಿಯ ಹತ್ತಿರಕ್ಕೆ ಕಾಯಿಸಬೇಕಾದ್ದನ್ನು ನೆನೆದರೆ ಇದು ದೊಡ್ಡ ಉಳಿತಾಯ. ಆದರೆ ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡಿನ ಜೊತೆಗೆ ಗಂಧಕದ ಡೈಆಕ್ಸೈಡೂ ಇರುತ್ತದೆ. ಅದೂ ಆಮ್ಲ, ಇನ್ನೂ ಪ್ರಬಲವಾದದ್ದು, ಒಮ್ಮೆ ಅಮೀನನ್ನು ಹಿಡಿದರೆ ಗಾಳಿ ಹಾಯಿಸಿದ ಮಾತ್ರಕ್ಕೆ ಬಿಟ್ಟುಹೋಗುವಂಥದ್ದಲ್ಲ. ಹೊಗೆಯನ್ನು ಮೊದಲು ಚೆನ್ನಾಗಿ ತೊಳೆಯದಿದ್ದರೆ ಜೆಲ್‌ನ ಅಮೀನ್‌ಗಳು ಒಂದೊಂದಾಗಿ ಕೆಲಸಕ್ಕೆ ಬಾರದಾಗುತ್ತವೆ.

ಹೊಲದ ಹೈಡ್ರೋಜೆಲ್ ಬೇರೆಯೇ ವಸ್ತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ಸೆಲ್ಯುಲೋಸ್ ಆಧಾರಿತ. ಮಗುವಿನ ಡಯಾಪರಿನಲ್ಲಿರುವುದು ಸೋಡಿಯಂ ಪಾಲಿಅಕ್ರಿಲೇಟ್. ಉಬ್ಬುವ ಭೌತಶಾಸ್ತ್ರ ಎಲ್ಲಕ್ಕೂ ಒಂದೇ. ಆದರೆ ಡಯಾಪರಿನ ಜಾಲದ ಮೇಲಿರುವುದು ಋಣಾವೇಶ, ಸಾಮಾನ್ಯ ನೀರಿನಲ್ಲಿ ಅದು ಯಾವಾಗಲೂ ಇರುತ್ತದೆ. ಅದಕ್ಕೆ ಪ್ರಬಲ ಆಮ್ಲ ಸೇರಿಸಿದರೆ ಆವೇಶ ಅಳಿದು ಜೆಲ್ ಕುಗ್ಗುತ್ತದೆ, ನಮ್ಮ ಜೆಲ್‌ಗೆ ತದ್ವಿರುದ್ಧವಾಗಿ. ಬೇರುಗಳ ಉಸಿರಾಟದಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿಗಿಂತ ಬಹಳ ಹೆಚ್ಚಿರುವುದು ನಿಜ, ಆದರೆ ಹೊಲದ ಜೆಲ್‌ನಲ್ಲಿ ಅದಕ್ಕೆ ಸ್ಪಂದಿಸುವ ಅಮೀನ್ ಇಲ್ಲ, ಇರಬೇಕಾದ ಅಗತ್ಯವೂ ಇಲ್ಲ.

ಕೊನೆಯದಾಗಿ ನಿಮ್ಮ ಪ್ರಯೋಗಾಲಯ. ಉಬ್ಬುವುದನ್ನು ತೋರಿಸುವುದು ಕಷ್ಟ, ಆದರೆ ಸ್ವಿಚ್ ಹೇಗೆ ಕೆಲಸ ಮಾಡುತ್ತದೆಂಬುದನ್ನೂ ಅದರ ನಿಧಾನವನ್ನೂ ಸುಲಭವಾಗಿ ತೋರಿಸಬಹುದು. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಅಗರ್ ಅನ್ನು ಲೀಟರಿಗೆ 10 ಗ್ರಾಂನಂತೆ ಡಿಸ್ಟಿಲ್ಡ್ ನೀರಿನಲ್ಲಿ ಕುದಿಸಿ ಕರಗಿಸಿ. ಬೋರ್‌ವೆಲ್ ನೀರು ಬೇಡ, ಅದರಲ್ಲಿ ಬೈಕಾರ್ಬೊನೇಟ್ ಆಗಲೇ ಹೆಚ್ಚಿರುತ್ತದೆ. ಒಲೆಯಿಂದ ಇಳಿಸಿ 50 ಡಿಗ್ರಿಗೆ ಬಂದ ಮೇಲೆ ಬ್ರೋಮೋಥೈಮಾಲ್ ಬ್ಲೂ ಸೂಚಕವನ್ನೂ ಲೀಟರಿಗೆ 84 ಮಿಲಿಗ್ರಾಂನಂತೆ ಅಡುಗೆ ಸೋಡಾವನ್ನೂ ಸೇರಿಸಿ. ಕುದಿಯುವಾಗಲೇ ಹಾಕಿದರೆ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗುತ್ತದೆ. ಗಟ್ಟಿಯಾದ ಮೇಲೆ ಅರ್ಧ ಸೆಂಟಿಮೀಟರಿನ ಮತ್ತು ಎರಡು ಸೆಂಟಿಮೀಟರಿನ ನೀಲಿ ಘನಗಳಾಗಿ ಕತ್ತರಿಸಿ, ಮುಚ್ಚಳವಿರುವ ಜಾಡಿಯಲ್ಲಿಡಿ. ಜಾಡಿಯ ತಳದಲ್ಲಿ ಒಂದು ಸಣ್ಣ ಬಟ್ಟಲಿಟ್ಟು ಅದರಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಅಡುಗೆ ಸೋಡಾ ಬೆರೆಸಿ ನೀರು ಹನಿಸಿದರೆ ಅನಿಲ ಸಿಗುತ್ತದೆ. ಸಣ್ಣ ಘನ ಹತ್ತು ನಿಮಿಷದೊಳಗೆ ಹಳದಿಯಾಗಬೇಕು, ದೊಡ್ಡದರ ನಡುಭಾಗಕ್ಕೆ ಒಂದು ಗಂಟೆಗೂ ಹೆಚ್ಚು ಬೇಕಾದೀತು ಎಂದು ಲೆಕ್ಕ ಹೇಳುತ್ತದೆ. ಹೊರತೆಗೆದು ಫ್ಯಾನಿನ ಗಾಳಿಗಿಟ್ಟರೆ ಹೊರಮೈಯಿಂದ ಒಳಕ್ಕೆ ನೀಲಿ ಮರಳುತ್ತದೆ. ಇನ್ನೊಂದು ಜಾಡಿಯಲ್ಲಿ ಸೋಡಾ ಇಲ್ಲದೆ ಬರಿಯ ವಿನಿಗರ್ ಇಟ್ಟು ಒಂದು ಘನವನ್ನು ಅದರ ಆವಿಗೆ ಒಡ್ಡಿ. ಅದೂ ಹಳದಿಯಾಗುತ್ತದೆ, ಆದರೆ ಎಷ್ಟು ಗಾಳಿಗಿಟ್ಟರೂ ನೀಲಿಗೆ ಬರುವುದಿಲ್ಲ, ಏಕೆಂದರೆ ಅಸಿಟಿಕ್ ಆಮ್ಲ ಬೈಕಾರ್ಬೊನೇಟನ್ನೇ ಮುಗಿಸಿರುತ್ತದೆ.

ನಿಜವಾದ ಅಮೀನ್ ಜೆಲ್ಲನ್ನು ಕಾಲೇಜಿನಲ್ಲಿ ತಯಾರಿಸಲು ಹೋಗಬೇಡಿ. ಅದರ ಮಾನೋಮರ್ ಕಣ್ಣಿಗೆ, ಚರ್ಮಕ್ಕೆ, ಉಸಿರಿಗೆ ತೀವ್ರ ಕಿರಿಕಿರಿ ಮಾಡುತ್ತದೆ, ಪ್ರತಿಕ್ರಿಯೆಯಿಂದ ಆಮ್ಲಜನಕವನ್ನೂ ದೂರವಿಡಬೇಕಾಗುತ್ತದೆ. ಹೊಗೆಗೂಡು (ಫ್ಯೂಮ್ ಹುಡ್) ಮತ್ತು ಸಾರಜನಕದ ಸಿಲಿಂಡರ್ ಇರುವ ಸ್ನಾತಕೋತ್ತರ ವಿಭಾಗದಲ್ಲಿ, ಅನುಭವ ಇರುವವರ ಜೊತೆಗೆ ಮಾತ್ರ ಅದನ್ನು ಮಾಡುವುದು ಸರಿ.